ವಸೂಲಿಯವರ ಕಾಟಕ್ಕೆ ಗ್ರಾಹಕ ಕಾನೂನು ಹಿಡಿಯುವ ಮೊದಲು: ಕಾರವಾರದಿಂದ ಒಂದು ಪ್ರಶ್ನೆ

ಕೋಡಿಬಾಗದ ಅಕ್ಕ, ಕಾರವಾರ:

ಎಲ್ಲರಿಗೂ ನಮಸ್ಕಾರ. ಇದು ನನ್ನ ತಮ್ಮನ ವಿಷಯ. ಅವನದೊಂದು ಸಣ್ಣ ಟೆಂಪೋ ಇದೆ. ಬೈತಖೋಲ ಬಂದರಿನಿಂದ ಮೀನು ಹೇರಿಕೊಂಡು ಹೋಗುತ್ತಾನೆ, ತಾನೇ ಓಡಿಸುತ್ತಾನೆ. ಅದೇ ಅವನ ಹೊಟ್ಟೆಪಾಡು. ಗಾಡಿಗೆ ಒಂದು ಖಾಸಗಿ ಫೈನಾನ್ಸ್ ಕಂಪನಿಯ ಸಾಲ. ಜಾಮೀನು ನನ್ನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ. ಆ ಎರಡು ತಿಂಗಳು ಬಾಡಿಗೆ ಸಿಗಲಿಲ್ಲ. ಎರಡು ಕಂತು ಬಾಕಿ ಬಿತ್ತು. ಆಗಸ್ಟಿನ ಕಂತು ಕಟ್ಟಿದ್ದಾನೆ, ಹಿಂದಿನ ಎರಡು ಹಾಗೇ ಉಳಿದಿವೆ.

ಈಗ ಯಾವುದೋ ವಸೂಲಿ ಏಜೆನ್ಸಿಯವರು ಬೆನ್ನು ಬಿದ್ದಿದ್ದಾರೆ. ರಾತ್ರಿ ಹತ್ತರ ಹೊತ್ತಿಗೆ ಫೋನ್ ಬರುತ್ತದೆ. ನಾನು ಕೆಲಸ ಮಾಡುವ ಶಾಲೆಯ ಆಫೀಸಿಗೂ ಫೋನ್ ಮಾಡಿ ನನ್ನ ಹೆಸರು ಹಿಡಿದು ಮಾತಾಡಿದ್ದಾರೆ. ಪಕ್ಕದ ಮನೆಯವರನ್ನೂ ಬಿಟ್ಟಿಲ್ಲ. ತಮ್ಮನ ಹೆಂಡತಿ ಮೀನು ಪೇಟೆಯಲ್ಲಿ ಕೂತಿದ್ದಾಗ ಇಬ್ಬರು ಬಂದು ಎಲ್ಲರ ಎದುರಿಗೆ ಗಾಡಿ ಎಳೆದುಕೊಂಡು ಹೋಗ್ತೀವಿ ಎಂದು ಕೂಗಿದ್ದಾರೆ. ಅವಳು ಮಾರನೇ ದಿನ ಪೇಟೆಗೇ ಹೋಗಲಿಲ್ಲ.

ಪರಿಚಯದವರೊಬ್ಬರು ಹೇಳುತ್ತಾರೆ: ಗ್ರಾಹಕರ ಕೋರ್ಟಿಗೆ ಹಾಕಿ, ಸಾಲವೇ ರದ್ದಾಗುತ್ತದೆ, ಈಗಲೇ ಬ್ಯಾಂಕಿನಲ್ಲಿ ಕಂತಿನ ಕಡಿತ ನಿಲ್ಲಿಸಿ ಅಂತ. ಇನ್ನೊಂದು ಕಡೆ ಆ ಏಜೆಂಟ್ ವಾಟ್ಸಾಪಿನಲ್ಲಿ ಒಂದು ಕಾಗದ ಕಳಿಸಿ, ಸಹಿ ಹಾಕಿದರೆ ಎಲ್ಲ ಮುಗಿಯುತ್ತದೆ ಎನ್ನುತ್ತಿದ್ದಾನೆ. ಅದರಲ್ಲಿ ದಿನಾಂಕ ಖಾಲಿ ಇದೆ. ಏನು ಮಾಡಲಿ?

ಭಟ್ಕಳದ ಓದುಗ:

ಅಕ್ಕಾ, ಹೆದರಬೇಡಿ. ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಹೇಳಿದೆ. ಬೈಯುವುದು, ಊರ ಮುಂದೆ ಮಾನ ಕಳೆಯುವುದು, ಮನೆಯವರ, ಸ್ನೇಹಿತರ ತಂಟೆಗೆ ಹೋಗುವುದು, ಮೇಲಿಂದ ಮೇಲೆ ಫೋನ್ ಮಾಡುವುದು, ಸುಳ್ಳು ಹೇಳಿ ಹೆದರಿಸುವುದು ಎಲ್ಲಕ್ಕೂ ತಡೆ ಇದೆ. ನಿಮ್ಮ ವಿಷಯದಲ್ಲಿ ಅವರು ಬಹುತೇಕ ಎಲ್ಲವನ್ನೂ ಮಾಡಿದ್ದಾರೆ. ಪೊಲೀಸ್, ಗ್ರಾಹಕ ಆಯೋಗ, ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ನೋಡುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಮೂರೂ ಕಡೆ ಒಂದೇ ದಿನ ದೂರು ಹಾಕಿ. ಆಗಲೇ ಬುದ್ಧಿ ಬರೋದು.

ಕುಮಟೆಯ ಗುಮಾಸ್ತ:

ಸುತ್ತೋಲೆಯ ಮಾತು ಸರಿ. ಮೂರೂ ಕಡೆ ಒಂದೇ ದಿನ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವನು ನಾನು. ನ್ಯಾಯ ತಮ್ಮ ಕಡೆ ಇದ್ದವರೂ ಅವಸರದಿಂದ ದಾರಿ ಮುಚ್ಚಿಕೊಳ್ಳುವುದನ್ನು ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಅಕ್ಕಾ, ಮೊದಲು ಆ ಕಾಗದಕ್ಕೆ ಸಹಿ ಹಾಕಬೇಡಿ. ಇಂಥ ಕಾಗದ ಬೇಕಾದಷ್ಟು ಬರುತ್ತವೆ. ಮೇಲೆ ಸೆಟಲ್‌ಮೆಂಟ್ ಎಂದು ಇರುತ್ತದೆ. ಒಳಗೆ ಓದಿದರೆ "ಒಟ್ಟು ಬಾಕಿ ಇಷ್ಟು ಎಂದು ಒಪ್ಪಿದ್ದೇನೆ, ವಾಹನವನ್ನು ನನ್ನ ಸ್ವಂತ ಇಚ್ಛೆಯಿಂದ ಕಂಪನಿಗೆ ಒಪ್ಪಿಸಿದ್ದೇನೆ" ಎಂಬ ಸಾಲು ಇರುತ್ತದೆ. ದಿನಾಂಕ ಖಾಲಿ ಬಿಟ್ಟಿರುವುದು ಅದಕ್ಕೇ. ಮುಂದೊಂದು ದಿನ ಗಾಡಿ ಎಳೆದುಕೊಂಡು ಹೋಗಿ, ಅಂದಿನ ತಾರೀಖು ಬರೆದುಕೊಂಡರೆ ಆಯಿತು. ಆಮೇಲೆ ಬಲವಂತವಾಗಿ ಒಯ್ದರು ಎಂದು ನೀವು ಯಾವ ಆಯೋಗದ ಮುಂದೆ ಹೇಳಿದರೂ ನಿಮ್ಮದೇ ಸಹಿ ನಿಮ್ಮ ಎದುರು ನಿಲ್ಲುತ್ತದೆ.

ಎರಡನೇದು, ಕಂತಿನ ಕಡಿತ ನಿಲ್ಲಿಸುವ ಸಲಹೆ. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇದೆ ಅಂತ ಎಲ್ಲರಿಗೂ ಗೊತ್ತು. ಆಟೋ ಡೆಬಿಟ್ ವಾಪಸಾದರೂ ಅಂಥದ್ದೇ ಕಲಂ ಇದೆ. 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ. ಎರಡರಲ್ಲೂ ಎರಡು ವರ್ಷದವರೆಗೆ ಜೈಲು ಅಥವಾ ಮೊತ್ತದ ಎರಡರಷ್ಟು ದಂಡ ಹಾಕಬಹುದು. ನೀವು ದೂರುದಾರರಾಗಿ ಹೊರಟಿರುತ್ತೀರಿ, ಅಷ್ಟರಲ್ಲಿ ಆರೋಪಿಯಾಗಿ ಸಮನ್ಸ್ ಬರುತ್ತದೆ. ಆದಷ್ಟು ಮಟ್ಟಿಗೆ ಚಾಲ್ತಿ ಕಂತು ಕಟ್ಟುತ್ತಾ ಇರಿ. ತಮ್ಮ ಆಗಸ್ಟಿನದು ಕಟ್ಟಿದ್ದು ಬಹಳ ಒಳ್ಳೆಯದಾಯಿತು. ತಪ್ಪಿಸಿಕೊಳ್ಳುವ ಆಸಾಮಿ ಅಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಇನ್ನು ಸಾಲವೇ ರದ್ದಾಗುತ್ತದೆ ಅನ್ನುವ ಮಾತು. ಇದು ನಮ್ಮ ಕರಾವಳಿಯಲ್ಲಿ ಅದ್ಹೇಗೆ ಹಬ್ಬಿದೆಯೋ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸಾಲ ಕೊಡುವುದೂ ಒಂದು ಸೇವೆ. ವಸೂಲಿ ಹೆಸರಲ್ಲಿ ಕಿರುಕುಳ ಕೊಟ್ಟರೆ ಅದು ಸೇವೆಯ ಕೊರತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಹಾರ ಕೇಳಬಹುದು. ಹೆಚ್ಚಿಗೆ ಹಾಕಿದ ಶುಲ್ಕ ವಾಪಸ್ ಕೇಳಬಹುದು, ಕೇಸು ಮುಗಿಯುವವರೆಗೆ ಮಧ್ಯಂತರ ಆದೇಶವನ್ನೂ ಕೇಳಬಹುದು. ಆದರೆ ತೆಗೆದುಕೊಂಡ ಅಸಲು ತೆಗೆದುಕೊಂಡದ್ದೇ. ಏಜೆಂಟ್ ಕೆಟ್ಟದಾಗಿ ನಡೆದುಕೊಂಡ ಎನ್ನುವ ಕಾರಣಕ್ಕೆ ಸಾಲ ಮಾಫಿ ಆಗುವುದಿಲ್ಲ. ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಮುಂದುವರಿದರೆ ಅರ್ಧ ಅಪಾಯ ತಪ್ಪುತ್ತದೆ.

ತಮ್ಮ ಗ್ರಾಹಕ ಹೌದೋ ಅಲ್ಲವೋ ಎಂಬ ತಕರಾರನ್ನೂ ಕಂಪನಿ ಎತ್ತುತ್ತದೆ. ವ್ಯಾಪಾರಕ್ಕಾಗಿ ಪಡೆದ ಸೇವೆ ಈ ಕಾಯ್ದೆಗೆ ಬರುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಪಡೆದದ್ದಾದರೆ ಬರುತ್ತದೆ. ಅವನು ತಾನೇ ಓಡಿಸುತ್ತಾನೆ, ಒಂದೇ ಗಾಡಿ. ದೂರಿನಲ್ಲಿ ಇದು ಸ್ಪಷ್ಟವಾಗಿ ಬರಬೇಕು. ನಾಲ್ಕು ಗಾಡಿ ಇಟ್ಟು ಡ್ರೈವರ್‌ಗಳನ್ನು ಹಾಕಿದವರಿಗೆ ಈ ದಾರಿ ಕಷ್ಟ.

ಈಗ ಮೂರು ಕಡೆಯ ವಿಷಯ. ಒಂಬುಡ್ಸ್‌ಮನ್ ಹತ್ತಿರ ಹೋಗುವ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಮಾತ್ರ ಅಲ್ಲಿಗೆ ಹೋಗಬಹುದು. ಮೊದಲೇ ಹೋದರೆ ಅರ್ಜಿ ತಿರಸ್ಕಾರ. ಅದೇ ವಿಷಯ ಆಗಲೇ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೂ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ. ಅಂದರೆ ಎರಡೂ ಕಡೆ ಒಟ್ಟಿಗೆ ಹಾಕಿದರೆ ಖರ್ಚಿಲ್ಲದ ದಾರಿಯನ್ನು ನೀವೇ ಮುಚ್ಚಿದ ಹಾಗೆ. ಒಂಬುಡ್ಸ್‌ಮನ್‌ಗೆ ಶುಲ್ಕ ಇಲ್ಲ. ವಕೀಲರ ಮೂಲಕ ಹಾಕುವ ಹಾಗೂ ಇಲ್ಲ, ನೀವೇ ಬರೆಯಬೇಕು. ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಕಾಲಾವಕಾಶ ಇದೆ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ನಮ್ಮ ಜಿಲ್ಲಾ ಆಯೋಗ ಇರುವುದು ಕಾರವಾರದಲ್ಲೇ. ಹಾಗಾಗಿ ಓಡುವ ಅವಸರ ಇಲ್ಲ.

ಪೊಲೀಸ್ ದೂರು ಮಾತ್ರ ಬೇರೆ. ಬೆದರಿಕೆ ಹಾಕಿದ್ದಕ್ಕೆ, ಪೇಟೆಯಲ್ಲಿ ಹೆಣ್ಣುಮಗಳ ಎದುರು ಕೂಗಾಡಿದ್ದಕ್ಕೆ ಯಾರನ್ನೂ ಕಾಯಬೇಕಿಲ್ಲ. ಮತ್ತೆ ಬಂದರೆ 112ಕ್ಕೆ ಫೋನ್ ಮಾಡಿ.

ಅಂಕೋಲೆಯ ಚಾಲಕ:

ಗಾಡಿ ವಿಷಯ ನಾನು ಸೇರಿಸುತ್ತೇನೆ. ಹೆದ್ದಾರಿಯಲ್ಲಿ ಅಡ್ಡ ಹಾಕಿ ಕೀ ಕಿತ್ತುಕೊಳ್ಳುವುದನ್ನು ಕಣ್ಣಾರೆ ನೋಡಿದವನು. ಗೂಂಡಾಗಳನ್ನು ಬಿಟ್ಟು ಗಾಡಿ ಎಳೆಸುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಕಟುವಾಗಿ ಖಂಡಿಸಿದೆ. ಅದನ್ನು ಹೇಳಿಕೊಂಡು ಬಹಳ ಜನ ಗಾಡಿ ಮುಟ್ಟುವಂತೆಯೇ ಇಲ್ಲ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಕಂತು ತಪ್ಪಿದರೆ ಗಾಡಿ ವಾಪಸ್ ಪಡೆಯುವ ಹಕ್ಕು ಕರಾರಿನಲ್ಲಿ ಇದ್ದರೆ, ಆ ಕರಾರಿನ ಪ್ರಕಾರ ನಡೆದರೆ, ಅದು ಕಳ್ಳತನ ಆಗುವುದಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟೇ ಒಂದು ಗ್ರಾಹಕ ಪ್ರಕರಣದಲ್ಲಿ ಕಂಪನಿಯ ಪರ ಹೇಳಿದೆ.

ಹಾಗಾಗಿ ಕರಾರಿನ ಪ್ರತಿ ತರಿಸಿಕೊಳ್ಳಿ. ಗಾಡಿ ತೆಗೆಯುವ ಮೊದಲು ಎಷ್ಟು ದಿನದ ನೋಟಿಸ್, ಹೇಗೆ ತೆಗೆಯುತ್ತಾರೆ, ಮಾರುವ ಮೊದಲು ಹಣ ಕಟ್ಟಲು ಕೊನೇ ಅವಕಾಶ ಹೇಗೆ, ಹರಾಜು ಹೇಗೆ, ಇಷ್ಟೂ ಕರಾರಿನಲ್ಲೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಫೈನಾನ್ಸ್ ಕಂಪನಿಗಳಿಗೆ ಹೇಳಿದೆ. ಅದರಲ್ಲಿ ಬರೆದದ್ದನ್ನು ಅವರು ಮುರಿದರೆ ಅಲ್ಲಿ ಹಿಡಿಯಬೇಕು.

ಬಂದವರು ಯಾರು ಅಂತ ಕೇಳಿ. ಗುರುತಿನ ಚೀಟಿ, ಕಂಪನಿ ಕೊಟ್ಟ ಅಧಿಕಾರ ಪತ್ರ ಎರಡೂ ತೋರಿಸಿ ಅನ್ನಿ. ಫೋಟೋ ತೆಗೆದಿಟ್ಟುಕೊಳ್ಳಿ. ಕೈ ಮಾತ್ರ ಮಾಡಬೇಡಿ. ಸಿಟ್ಟಿನಲ್ಲಿ ಒಂದು ಏಟು ಹಾಕಿದರೂ ಮೊದಲ ಕೇಸು ನಿಮ್ಮ ತಮ್ಮನ ಮೇಲೆ ಬೀಳುತ್ತದೆ.

ಭಟ್ಕಳದ ಓದುಗ:

ಒಂದು ಮಾತು ನೇರವಾಗಿ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಜಾಗ್ರತೆ ಜಾಗ್ರತೆ ಎಂದು ಹೇಳಿ ಹೇಳಿ ಬಡವರನ್ನು ಸುಮ್ನೆ ಕೂರಿಸುವುದೇ ಆಗಿದೆ. ಕಂಪನಿಗೆ ವಕೀಲರಿದ್ದಾರೆ, ಏಜೆಂಟರಿದ್ದಾರೆ. ಮೀನು ಮಾರುವ ಹೆಂಗಸಿಗೆ ಇರುವುದು ಕಾನೂನೊಂದೇ. ಅದನ್ನೂ 30 ದಿನ ಕಾಯಿರಿ, ಕರಾರು ಓದಿ ಅಂದರೆ ಅಷ್ಟರಲ್ಲಿ ಅವಳ ಮಾನ ಹೋಗಿರುತ್ತದೆ.

ಕುಮಟೆಯ ಗುಮಾಸ್ತ:

ನಿಮ್ಮ ಸಿಟ್ಟು ನ್ಯಾಯದ್ದೇ. ಆ 30 ದಿನ ಕೈಕಟ್ಟಿ ಕೂರಿ ಎಂದು ನಾನು ಹೇಳುತ್ತಿಲ್ಲ. ಬೆದರಿಕೆಗೆ ಪೊಲೀಸ್ ದೂರು ಇವತ್ತೇ ಕೊಡಬಹುದು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಇವತ್ತೇ ಹೋಗಬಹುದು. ವಕೀಲರ ಖರ್ಚು ಇಲ್ಲದೆ ಸಹಾಯ ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ 15100. ಗ್ರಾಹಕ ಸಹಾಯವಾಣಿ 1915.

ನಾನು ಜಾಗ್ರತೆ ಎನ್ನುವುದು ಬರವಣಿಗೆಯ ಬಗ್ಗೆ. ಬಡವರ ದೂರು ಬಿದ್ದುಹೋಗುವುದು ಹೆಚ್ಚಾಗಿ ಅಲ್ಲೇ. ಹತ್ತು ಫೋನ್ ಬಂದದ್ದನ್ನು ನೂರು ಎಂದು ಬರೆಯುತ್ತಾರೆ. ಕಂಪನಿ ಕಾಲ್ ದಾಖಲೆ ತಂದು ಹಾಜರುಪಡಿಸಿದ ಮೇಲೆ ನಿಜವಾದ ಹತ್ತನ್ನೂ ಯಾರೂ ನಂಬುವುದಿಲ್ಲ. ಇನ್ನೊಂದು, ಏಜೆಂಟನ ಫೋಟೋ ಹಾಕಿ ಫೇಸ್‌ಬುಕ್ಕಿನಲ್ಲಿ ಕಳ್ಳ, ದರೋಡೆಕೋರ ಎಂದು ಬರೆಯುವುದು. ಮಾನನಷ್ಟದ ಕೇಸು ಹಾಕಲು ಅವರಿಗೂ ಬರುತ್ತದೆ.

ಹೊನ್ನಾವರದ ಶರಾವತಿ ದಂಡೆ:

ನಾನು ಮಹಿಳಾ ಗುಂಪುಗಳ ಜೊತೆ ಕೆಲಸ ಮಾಡುತ್ತೇನೆ. ವಾರದ ಕಂತಿನ ಸಂಘದ ಸಾಲ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಅವರ ನಿಯಮ ಸ್ವಲ್ಪ ಬೇರೆ.

ಮನೆಯ ವಾರ್ಷಿಕ ಆದಾಯ 3 ಲಕ್ಷದೊಳಗೆ ಇದ್ದು, ಅಡಮಾನ ಇಲ್ಲದೆ ಕೊಟ್ಟ ಸಾಲವನ್ನು ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಸಾಲ ಎನ್ನುತ್ತದೆ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಅದರ ವಸೂಲಿಗೆ ಬೆಳಿಗ್ಗೆ 9ರಿಂದ ಸಂಜೆ 6 ಮಾತ್ರ ಹೊತ್ತು. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ಆಗಬೇಕು. ಸತತ ಎರಡು ಸಲ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಮನೆಯವರ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಇದನ್ನು ದಾಟಿ ಸಾಲ ಕೊಟ್ಟಿದ್ದರೆ ದೂರಿನಲ್ಲಿ ಅದನ್ನೂ ಹೇಳಬಹುದು.

ನನಗೆ ಜಾಸ್ತಿ ಚಿಂತೆ ಹಚ್ಚಿದ್ದು 2025ರ ರಾಜ್ಯ ಕಾನೂನು. ಫೆಬ್ರವರಿ 12ರಂದು ರಾಜ್ಯಪಾಲರು ಸುಗ್ರೀವಾಜ್ಞೆಗೆ ಅಂಕಿತ ಹಾಕಿದರು, ಮಾರ್ಚಿನಲ್ಲಿ ವಿಧಾನಮಂಡಲ ಮಸೂದೆ ಒಪ್ಪಿತು. ಬಲವಂತದ ವಸೂಲಿಗೆ 6 ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ನಮ್ಮ ಓಣಿಗಳಲ್ಲಿ ಹಬ್ಬಿದ ಸುದ್ದಿ ಏನು ಗೊತ್ತಾ? "ಸರ್ಕಾರ ಸಂಘದ ಸಾಲ ಎಲ್ಲ ಮನ್ನಾ ಮಾಡಿತು" ಅಂತ. ಕಾನೂನು ಹೇಳಿದ್ದು ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲದ ವಿಷಯ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಯ ಸಾಲ ಹಾಗೇ ಇದೆ. ಸುದ್ದಿ ನಂಬಿ ಕಂತು ಬಿಟ್ಟ ಹೆಂಗಸರ ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆ, ಕೆಟ್ಟು, ಈಗ ಮಗಳ ಓದಿಗೂ ಸಾಲ ಸಿಗದೆ ಒದ್ದಾಡುತ್ತಿದ್ದಾರೆ. ನಿಮ್ಮ ಸಾಲ ಕೊಟ್ಟವರು ನೋಂದಣಿ ಆದವರೋ ಅಲ್ಲವೋ ಎಂದು ಮೊದಲು ನೋಡಿಕೊಳ್ಳಿ. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಪಟ್ಟಿ ಇದೆ.

ಅಕ್ಕಾ, ನಿಮ್ಮ ತಮ್ಮ ಹೇಗಿದ್ದಾರೆ? ಊಟ, ನಿದ್ದೆ ಬಿಟ್ಟಿದ್ದರೆ ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಿ ಮಾತಾಡಬಹುದು, ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೇಡ. ಸಾಲ ತೀರಿಸಲು ದಾರಿ ಇದ್ದೇ ಇದೆ ಎಂದು ಅವರಿಗೆ ಹೇಳುತ್ತಾ ಇರಿ.

ಶಿರಸಿಯ ತೋಟಿಗ:

ನಮ್ಮ ಘಟ್ಟದ ಮೇಲೆ ಸಾಲ ಅಂದರೆ ಹೆಚ್ಚಾಗಿ ಸೊಸೈಟಿಯದು. ಅಡಿಕೆಗೆ ಕೊಳೆ ರೋಗ ಬಂದ ವರ್ಷ ಬಾಕಿ ಬೀಳುವವರು ಬಹಳ. ಅವರು ಒಂಬುಡ್ಸ್‌ಮನ್‌ಗೆ ಬರೆದು ಸುಮ್ನೆ ತಿಂಗಳು ಕಳೆಯುತ್ತಾರೆ. ಹಳ್ಳಿಯ ಕೃಷಿ ಪತ್ತಿನ ಸಂಘ ಒಂಬುಡ್ಸ್‌ಮನ್ ಯೋಜನೆಗೆ ಬರುವುದೇ ಇಲ್ಲ. ಅದಕ್ಕೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿ, 1959ರ ರಾಜ್ಯ ಸಹಕಾರ ಕಾಯ್ದೆಯ 70ನೇ ಕಲಂನ ದಾವೆ. ಸದಸ್ಯರು ಗ್ರಾಹಕ ವೇದಿಕೆಗೂ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ, ಆ ಬಾಗಿಲು ಇದೆ. ಆದರೆ ಯಾರ ಹತ್ತಿರ ಸಾಲ ಅನ್ನುವುದನ್ನು ನೋಡಿಯೇ ಯಾವ ಕಚೇರಿ ಎಂದು ತೀರ್ಮಾನಿಸಬೇಕು.

ಮನೆ ಅಡವಿಟ್ಟವರಿಗೆ ಇನ್ನೂ ಒಂದು. ಬ್ಯಾಂಕಿನಿಂದ ಸರ್ಫೇಸಿ ನೋಟಿಸ್, ಅಂದರೆ ಅಡವಿಟ್ಟ ಆಸ್ತಿ ವಶಪಡಿಸಿಕೊಳ್ಳುವ ಕಾಯ್ದೆಯ ನೋಟಿಸ್, ಬಂದರೆ ಗ್ರಾಹಕ ಆಯೋಗ ತಡೆಯುತ್ತದೆ ಎಂದು ಕೂರಬೇಡಿ. ಆ ನೋಟಿಸಿಗೆ 60 ದಿನ ಇರುತ್ತದೆ. ಅಷ್ಟರೊಳಗೆ ಲಿಖಿತ ಆಕ್ಷೇಪ ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರಿಸಬೇಕು. ಮುಂದಿನ ಕ್ರಮದ ಮೇಲೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು, ಅದು ಬೆಂಗಳೂರಿನಲ್ಲಿದೆ. ನಿಜವಾದ ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಡಿಕೆ ತೋಟದ ಮೇಲೆ ಆ ನೋಟಿಸ್ ಬಂದರೆ ಆಕ್ಷೇಪದಲ್ಲಿ ಅದನ್ನೇ ಮೊದಲು ಬರೆಯಿರಿ.

ನನ್ನದೊಂದು ಪ್ರಶ್ನೆ. ನನ್ನ ಭಾವನದು ಹಳೇ ಕ್ರೆಡಿಟ್ ಕಾರ್ಡ್ ಬಾಕಿ. ವರ್ಷಗಟ್ಟಲೆ ಯಾರೂ ಕೇಳಿರಲಿಲ್ಲ. ಈಗ ಆ ಸಾಲವನ್ನು ಕೊಂಡುಕೊಂಡವರು ಎಂದು ಯಾರೋ ಫೋನ್ ಮಾಡಿ, ಸದ್ಯಕ್ಕೆ 500 ರೂಪಾಯಿ ಹಾಕಿ, ಫೈಲ್ ತಡೆಹಿಡಿಯುತ್ತೇವೆ ಎನ್ನುತ್ತಾರೆ. ಹಾಕಿಬಿಡಲಾ ಎಂದು ಭಾವ ಕೇಳುತ್ತಿದ್ದಾನೆ.

ಕುಮಟೆಯ ಗುಮಾಸ್ತ:

ಬೇಡ. ಲೆಕ್ಕ ನೋಡದೆ 5 ರೂಪಾಯಿಯನ್ನೂ ಹಾಕುವುದು ಬೇಡ.

ಇಂಥ ಸಾಲದ ದಾವೆಗೆ 1963ರ ಕಾಲಮಿತಿ ಕಾಯ್ದೆಯಲ್ಲಿ ಸಾಮಾನ್ಯವಾಗಿ 3 ವರ್ಷ. ಆ 3 ವರ್ಷದ ಒಳಗೆ ಸಾಲಗಾರ ಬರೆದು ಸಹಿ ಹಾಕಿ ಬಾಕಿ ಒಪ್ಪಿಕೊಂಡರೆ, ಅಂದಿನಿಂದ ಎಣಿಕೆ ಮತ್ತೆ ಶುರು. ಭಾಗಶಃ ಕಟ್ಟಿ ಅದಕ್ಕೆ ಅವನ ಬರಹವೋ ಸಹಿಯೋ ಇದ್ದರೂ ಹಾಗೇ. ಅವಧಿ ಮುಗಿದ ಮೇಲೆ ಕಟ್ಟುತ್ತೇನೆ ಎಂದು ಹೊಸದಾಗಿ ಬರೆದುಕೊಟ್ಟರೆ ಕರಾರು ಕಾಯ್ದೆಯ 25ನೇ ಕಲಂ ಪ್ರಕಾರ ಅದೇ ಹೊಸ ಕರಾರು. ಸತ್ತ ಕೇಸಿಗೆ ಜೀವ ಬರುವುದು ಹೀಗೆ. 500 ರೂಪಾಯಿ ಅವರಿಗೆ ಬೇಕಾಗಿಲ್ಲ, ಅದರ ದಾಖಲೆ ಬೇಕು.

ಆದರೆ ಭಾವನವರು "ಕಾಲಮಿತಿ ಮುಗಿದಿದೆ" ಎಂದು ಉತ್ಸಾಹದಿಂದ ಪತ್ರ ಬರೆಯುವ ಮೊದಲು ದಿನಾಂಕ ಸರಿಯಾಗಿ ನೋಡಿಕೊಳ್ಳಲಿ. ಕಾರ್ಡ್ ಕೊಟ್ಟ ದಿನದಿಂದ ಎಣಿಸುವುದಲ್ಲ. ಕೊನೆಗೆ ಕಟ್ಟಿದ್ದು ಯಾವಾಗ, ನಡುವೆ ಇ-ಮೇಲಿನಲ್ಲೋ ಕಾಗದದಲ್ಲೋ ಬಾಕಿ ಒಪ್ಪಿಕೊಂಡದ್ದು ಇದೆಯಾ, ಕೋರ್ಟಿನಲ್ಲೋ ಮಧ್ಯಸ್ಥಿಕೆಯಲ್ಲೋ ಆಗಲೇ ಆದೇಶ ಆಗಿದೆಯಾ, ಇಷ್ಟು ತಿಳಿಯಬೇಕು. ಅವಧಿ ಮುಗಿದಿದ್ದರೂ ದಾವೆ ಹಾಕುವ ಹಕ್ಕು ಹೋಗುತ್ತದೆಯೇ ಹೊರತು ಸಾಲ ಅಳಿಸಿಹೋಗುವುದಿಲ್ಲ. ಸಿಬಿಲ್‌ನಲ್ಲಿ ಅದರ ಗುರುತು ಇರಬಹುದು. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ, ಮೊದಲು ಅದನ್ನು ತೆಗೆಸಿ. ಮನೆ, ಜಮೀನು ಅಡವಿಟ್ಟ ಸಾಲಕ್ಕೆ ಈ 3 ವರ್ಷ ಅನ್ವಯಿಸುವುದಿಲ್ಲ, ಅಲ್ಲಿ 12 ವರ್ಷ.

ಸಾಲ ಕೊಂಡುಕೊಂಡೆವು ಎನ್ನುವವರ ಹತ್ತಿರ ವರ್ಗಾವಣೆಯ ದಾಖಲೆ ಕೇಳಿ. "ನಾನು ಯಾವುದನ್ನೂ ಒಪ್ಪಿಕೊಳ್ಳುತ್ತಿಲ್ಲ, ದಾಖಲೆ ಕಳಿಸಿ" ಎಂಬಷ್ಟೇ ಮಾತು ಸಾಕು.

ಕೋಡಿಬಾಗದ ಅಕ್ಕ:

ಎಲ್ಲರಿಗೂ ಧನ್ಯವಾದ. ತಮ್ಮ ಸ್ವಲ್ಪ ಗೆಲುವಾಗಿದ್ದಾನೆ. ಕಾಗದಕ್ಕೆ ಸಹಿ ಹಾಕಲಿಲ್ಲ. ನೀವು ಹೇಳಿದ ಸಾಲು ಅದರಲ್ಲಿ ಹಾಗೇ ಇತ್ತು, ಮೂರನೇ ಪ್ಯಾರಾದಲ್ಲಿ. ಕಂಪನಿಗೆ ಬರೆಯಲು ಒಬ್ಬರು ಹೀಗೆ ಬರೆದುಕೊಟ್ಟಿದ್ದಾರೆ, ನೋಡಿ ಹೇಳಿ:

"ನಿಮ್ಮ ಏಜೆಂಟ್ ಹೇಳಿದ ಪೂರ್ತಿ ಬಾಕಿಯನ್ನು ನಾವು ಒಪ್ಪುತ್ತೇವೆ. ಆದರೆ ನಿಮ್ಮ ಗೂಂಡಾಗಳು ದಿನವೂ ನೂರಾರು ಸಲ ಫೋನ್ ಮಾಡಿ ಕೊಲೆ ಬೆದರಿಕೆ ಹಾಕುತ್ತಿದ್ದಾರೆ. 7 ದಿನದಲ್ಲಿ 10 ಲಕ್ಷ ಪರಿಹಾರ ಕೊಡಿ. ಇಲ್ಲದಿದ್ದರೆ ಇನ್ನು ಮುಂದೆ ಒಂದು ಕಂತೂ ಕಟ್ಟುವುದಿಲ್ಲ."

ಕುಮಟೆಯ ಗುಮಾಸ್ತ:

ಕಳಿಸಬೇಡಿ ಅಕ್ಕಾ. ಒಂದೊಂದೇ ಸಾಲು ನೋಡೋಣ.

ಏಜೆಂಟ್ ಹೇಳಿದ ಮೊತ್ತವನ್ನು ಲೆಕ್ಕ ನೋಡದೆ ಯಾಕೆ ಒಪ್ಪಬೇಕು? 2024ರ ಏಪ್ರಿಲ್ 1ರಿಂದ ಕಂತು ತಪ್ಪಿದ್ದಕ್ಕೆ ದಂಡಶುಲ್ಕ ಹಾಕಬಹುದೇ ಹೊರತು, ಬಡ್ಡಿ ದರ ಏರಿಸಿ ದಂಡಬಡ್ಡಿ ಹಾಕುವಂತಿಲ್ಲ. ಆ ಶುಲ್ಕದ ಮೇಲೆ ಮತ್ತೆ ಬಡ್ಡಿಯನ್ನೂ ಹಾಕುವಂತಿಲ್ಲ. ಅವರ ಲೆಕ್ಕದಲ್ಲಿ ಅದು ಸೇರಿದೆಯೋ ಏನೋ ನೋಡಬೇಕು. ಹಾಗಂತ ಸಾಲವೇ ಇಲ್ಲ ಎಂದೂ ಬರೆಯಬೇಡಿ. ಅದು ಸುಳ್ಳು, ನಿಮಗೇ ತಿರುಗುತ್ತದೆ.

ಕೊಲೆ ಬೆದರಿಕೆ ಹಾಕಿದರು ಎಂದು ನೀವು ಮೊದಲು ಇಲ್ಲಿ ಬರೆದಿರಲಿಲ್ಲ. ಹಾಕಿದ್ದರೆ ಯಾವ ದಿನ, ಯಾವ ಮಾತು ಎಂದು ಬರೆಯಿರಿ. ಹಾಕಿಲ್ಲದಿದ್ದರೆ ತೆಗೆಯಿರಿ. ಗೂಂಡಾ ಎಂಬ ಪದವೂ ಬೇಡ. ಕಂತು ಕಟ್ಟುವುದಿಲ್ಲ ಎಂದು ಬರೆದುಕೊಟ್ಟರೆ ಬೇಕೆಂದೇ ತಪ್ಪಿಸಿದ್ದಾರೆ ಎನ್ನಲು ಅವರಿಗೆ ಅದೊಂದೇ ಸಾಕು. 10 ಲಕ್ಷ ಯಾವ ನಷ್ಟದ ಲೆಕ್ಕ? ಅದಕ್ಕೆ ಉತ್ತರ ಇಲ್ಲದಿದ್ದರೆ ಆ ಅಂಕಿ ಈಗ ಬೇಡ.

ಹೀಗೆ ಬರೆದರೆ ಹೇಗೆ?

"ಸಾಲದ ಖಾತೆ ಸಂಖ್ಯೆ ಇಂಥದ್ದು. ಸಾಲಗಾರ ನನ್ನ ತಮ್ಮ, ಜಾಮೀನುದಾರಳು ನಾನು. ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬಾಡಿಗೆ ಇಲ್ಲದೆ ಜೂನ್, ಜುಲೈ ಕಂತು ಕಟ್ಟಲಾಗಲಿಲ್ಲ. ಆಗಸ್ಟಿನ ಕಂತು ಕಟ್ಟಿದೆ. ಬಾಕಿ ಎರಡು ಕಂತನ್ನು ಹಂತಹಂತವಾಗಿ ಕಟ್ಟಲು ಅವಕಾಶ ಕೋರುತ್ತೇವೆ. ಈ ಕೆಳಗಿನ ದಿನ, ಈ ಹೊತ್ತಿಗೆ, ಈ ಸಂಖ್ಯೆಯಿಂದ ಸಂಜೆ 7ರ ನಂತರ ಫೋನ್ ಬಂದಿದೆ. ಈ ದಿನ ನನ್ನ ಕೆಲಸದ ಸ್ಥಳಕ್ಕೆ, ಈ ದಿನ ಸಾಲಕ್ಕೆ ಸಂಬಂಧವೇ ಇಲ್ಲದ ನೆರೆಯವರಿಗೆ ಫೋನ್ ಮಾಡಲಾಗಿದೆ. ಈ ದಿನ ಮಾರುಕಟ್ಟೆಯಲ್ಲಿ ಇಬ್ಬರು ಬಂದು ಸಾರ್ವಜನಿಕವಾಗಿ ಅವಮಾನಿಸಿದ್ದಾರೆ. ಇದು ಸಾಲ ವಸೂಲಿಯ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮಗಳಿಗೆ ವಿರುದ್ಧ. ಏಜೆನ್ಸಿಯ ಹೆಸರು, ಅಧಿಕಾರ ಪತ್ರದ ಪ್ರತಿ, ಸಾಲದ ಕರಾರು, ಶುಲ್ಕಗಳ ವಿವರ ಸಹಿತ ಖಾತೆಯ ಲೆಕ್ಕ ಕಳಿಸಿ. ಲೆಕ್ಕದ ಬಗ್ಗೆ ನಮ್ಮ ಹಕ್ಕುಗಳನ್ನು ಕಾಯ್ದಿರಿಸಿದ್ದೇವೆ."

ಇದರಲ್ಲಿ ಪ್ರತಿ ಮಾತಿಗೂ ನಿಮ್ಮ ಹತ್ತಿರ ಆಧಾರ ಇದೆ. ಕಾಲ್ ಲಾಗಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಫೋನನ್ನೂ ಮಾರಬೇಡಿ, ಬದಲಿಸಬೇಡಿ. ಮುಂದೆ ಆಯೋಗದಲ್ಲಿ ಹಾಜರುಪಡಿಸಲು ಎಲೆಕ್ಟ್ರಾನಿಕ್ ದಾಖಲೆಗೆ ಸಾಕ್ಷ್ಯ ಕಾನೂನಿನ 63ನೇ ಕಲಂ ಪ್ರಮಾಣಪತ್ರ ಬೇಕಾಗುತ್ತದೆ. ಪೇಟೆಯಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸರಲ್ಲಿ ಯಾರಾದರೂ ನೋಡಿದ್ದನ್ನು ಬರೆದುಕೊಡಲು ಒಪ್ಪಿದರೆ ಈಗಲೇ ಬರೆಸಿಕೊಳ್ಳಿ.

ಒಂದು ವಿಷಯ ನಿಮಗೆ ಕಹಿ ಅನ್ನಿಸಬಹುದು. ನೀವು ಜಾಮೀನುದಾರರಾದ್ದರಿಂದ ಹಗಲು ಹೊತ್ತಿನಲ್ಲಿ ನಿಮ್ಮ ಫೋನಿಗೆ ಮರ್ಯಾದೆಯಿಂದ ಕೇಳಿದರೆ ಅದು ಕಿರುಕುಳ ಅಲ್ಲ. ಕಾನೂನಿನ ಕಣ್ಣಲ್ಲಿ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಆ ಫೋನ್‌ಗಳನ್ನು ದೂರಿನ ಪಟ್ಟಿಗೆ ಸೇರಿಸಬೇಡಿ.

ಅಂಕೋಲೆಯ ಚಾಲಕ:

ಇನ್ನೊಂದು ಮರೆತಿದ್ದೆ. ಚೆನ್ನೈಯಿಂದಲೋ ಮುಂಬೈಯಿಂದಲೋ ಆರ್ಬಿಟ್ರೇಟರ್, ಅಂದರೆ ಮಧ್ಯಸ್ಥಗಾರ, ಎಂದು ಯಾರದೋ ಕಾಗದ ಬಂದರೆ ಹರಿದು ಬಿಸಾಡಬೇಡಿ. ನನ್ನ ಪರಿಚಯದವರು ಹಾಗೆ ಮಾಡಿದರು. ಇವರಿಲ್ಲದೆಯೇ ತೀರ್ಪಾಯಿತು.

ಕುಮಟೆಯ ಗುಮಾಸ್ತ:

ಬಹಳ ಮುಖ್ಯವಾದದ್ದು ಹೇಳಿದಿರಿ. ಸಾಲದ ಕರಾರಿನಲ್ಲಿ ಸಾಮಾನ್ಯವಾಗಿ ಮಧ್ಯಸ್ಥಿಕೆಯ ಷರತ್ತು ಇರುತ್ತದೆ. ಅದು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಹಾಗೆಯೇ ಆಯೋಗದಲ್ಲಿ ದೂರು ಇದೆ ಎಂದು ಮಧ್ಯಸ್ಥಿಕೆ ತಾನಾಗಿ ನಿಲ್ಲುವುದೂ ಇಲ್ಲ. ವಿವಾದದಲ್ಲಿ ಆಸಕ್ತಿ ಇರುವ ಒಂದೇ ಪಕ್ಷ ತಾನೇ ಮಧ್ಯಸ್ಥಗಾರನನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆ ಆಕ್ಷೇಪವನ್ನು ಕಾಗದ ಬಂದ ಕೂಡಲೇ ಬರೆದು ಕಳಿಸಬೇಕು. ತೀರ್ಪೇ ಆಗಿದ್ದರೆ ಅದು ಕೈಗೆ ಬಂದ 3 ತಿಂಗಳೊಳಗೆ ಕೋರ್ಟಿಗೆ ಹೋಗಬೇಕು.

ಲೋಕ ಅದಾಲತ್ ನೋಟಿಸ್ ಬಂದರೆ ಅದಕ್ಕೆ ಹೆದರಬೇಕಿಲ್ಲ. ಹೋಗಿ, ಮಾತಾಡಿ. ಒಪ್ಪಿ ಸಹಿ ಹಾಕುವ ಮೊದಲು ಮಾತ್ರ ಮನೆಗೆ ಬಂದು ಯೋಚಿಸಿ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ.

ಕೋಡಿಬಾಗದ ಅಕ್ಕ:

ನೀವು ಬರೆದ ಹಾಗೇ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಕಳಿಸಿದೆವು, ರಿಜಿಸ್ಟರ್ಡ್ ಪೋಸ್ಟ್ ಕೂಡ. ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಪೇಟೆಯಲ್ಲಿ ನಾದಿನಿಯ ಪಕ್ಕ ಕೂರುವ ಅಜ್ಜಿ ತಾನೇ ಮುಂದೆ ಬಂದು, ಕಂಡದ್ದನ್ನು ಬರೆಸಿ ಹೆಬ್ಬೆಟ್ಟು ಒತ್ತಿದ್ದಾರೆ. ಕಂಪನಿಯಿಂದ ಒಬ್ಬ ಅಧಿಕಾರಿ ಹಗಲಲ್ಲೇ ಫೋನ್ ಮಾಡಿ ಸಮಾಧಾನದಿಂದ ಮಾತಾಡಿದರು. ಆ ಏಜೆನ್ಸಿಯವರು ಇನ್ನು ಬರುವುದಿಲ್ಲವಂತೆ, ಬಾಕಿ ಎರಡು ಕಂತನ್ನು ಮುಂದಿನ ತಿಂಗಳುಗಳಿಗೆ ಹಂಚಿ ಕಟ್ಟಬಹುದಂತೆ. ತಮ್ಮ ಇವತ್ತೇ ಸ್ವಲ್ಪ ಹಣ ಹಾಕುತ್ತೇನೆ ಎನ್ನುತ್ತಿದ್ದಾನೆ. ಹಾಕಲಾ?

ಕುಮಟೆಯ ಗುಮಾಸ್ತ:

ಒಳ್ಳೇ ಸುದ್ದಿ ಅಕ್ಕಾ. ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಫೋನಿನಲ್ಲಿ ಹೇಳಿದ್ದನ್ನು ಇ-ಮೇಲಿನಲ್ಲಿ ಕೇಳಿ. ಅದು ಬಂದ ಮೇಲೆ ಹಣ ಹಾಕಿ, ಸಾಲದ ಖಾತೆಗೇ ಹಾಕಿ. ಯಾರ ಸ್ವಂತ ನಂಬರಿಗೂ ಬೇಡ. ರಸೀದಿಯಲ್ಲಿ ಯಾವ ತಿಂಗಳ ಕಂತು ಎಂದು ಇರಲಿ. ಈ ಹೊಂದಾಣಿಕೆಯನ್ನು ಸಿಬಿಲ್‌ಗೆ ಹೇಗೆ ವರದಿ ಮಾಡುತ್ತೀರಿ ಎಂದೂ ಅದೇ ಇ-ಮೇಲಿನಲ್ಲಿ ಕೇಳಿ. ಬಾಕಿ ಕಟ್ಟಲು ಸಮಯ ಕೊಡುವುದಕ್ಕೂ ಸಾಲವನ್ನೇ ಮರುಹೊಂದಿಸಿದೆವು ಎಂದು ದಾಖಲಿಸುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದಾದರೆ ಮುಂದೆ ಬೇರೆ ಸಾಲ ಕೇಳುವಾಗ ತೊಡಕು. ಕಡಿಮೆ ಹಣಕ್ಕೆ ಮುಗಿಸಿ "ಸೆಟಲ್ಡ್" ಅನ್ನಿಸಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ತಮ್ಮ ಪೂರ್ತಿ ಕಟ್ಟಲು ಸಿದ್ಧ ಇರುವುದರಿಂದ ಅದರ ಅಗತ್ಯ ಇಲ್ಲ.

ಒಂಬುಡ್ಸ್‌ಮನ್ ದೂರನ್ನು ಈಗ ಹಾಕಬೇಡಿ, ಕರಡು ಮಾತ್ರ ಸಿದ್ಧ ಇಟ್ಟುಕೊಳ್ಳಿ. ಇ-ಮೇಲ್ ಕಳಿಸಿದ ದಿನದಿಂದ 30 ದಿನ ಎಣಿಸಿ. ಅಷ್ಟರಲ್ಲಿ ಲಿಖಿತ ಉತ್ತರ ಬರದಿದ್ದರೆ, ಅಥವಾ ಮತ್ತೆ ರಾತ್ರಿ ಫೋನ್ ಶುರುವಾದರೆ, ಇಲ್ಲಿ ಬರೆಯಿರಿ. ರಿಸರ್ವ್ ಬ್ಯಾಂಕಿಗೆ ದೂರು ಸಲ್ಲಿಸುವ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕುವುದನ್ನು ಒಟ್ಟಿಗೆ ಕೂತು ಮಾಡೋಣ.